ಸೇಫ್ಟಿ ಕಾರ್ ಬಂದಾಗ ಯಾರ ದುಡಿಮೆ ಯಾರ ಪಾಲಾಗುತ್ತದೆ?

2024ರ ನವೆಂಬರ್ 3, ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕಿನಲ್ಲಿ ಫಾರ್ಮುಲಾ 1 ರೇಸ್. ಮಳೆ ಹಿಡಿದಿತ್ತು. ಜಾರ್ಜ್ ರಸೆಲ್ ಮೊದಲ ಸ್ಥಾನದಲ್ಲಿದ್ದರು, ಲ್ಯಾಂಡೊ ನಾರಿಸ್ ಎರಡನೆಯವರು. ಇಬ್ಬರೂ ಟ್ರ್ಯಾಕಿನ ಬದಿಯಲ್ಲಿರುವ ಪಿಟ್‌ಗೆ ಬಂದು ಹೊಸ ಟೈರ್ ಹಾಕಿಸಿಕೊಂಡು ಹೋದರು. ಎಸ್ತೆಬಾನ್ ಒಕಾನ್, ಮ್ಯಾಕ್ಸ್ ವರ್ಸ್ಟಾಪೆನ್, ಪಿಯೆರ್ ಗ್ಯಾಸ್ಲಿ ಹಳೆ ಟೈರಿನಲ್ಲೇ ಓಡುತ್ತಾ ಮುಂದಕ್ಕೆ ಬಂದರು. ಮಳೆ ಇನ್ನೂ ಜೋರಾಯಿತು, ಅಪಾಯವಿದ್ದಾಗ ಎಲ್ಲರನ್ನೂ ತನ್ನ ಹಿಂದೆ ಸಾಲಾಗಿ ನಿಧಾನಕ್ಕೆ ಕರೆದೊಯ್ಯುವ ಸೇಫ್ಟಿ ಕಾರ್ ಬಂತು. ಅದರ ಹಿಂದೆ ನಿಧಾನಕ್ಕೆ ಸಾಗುತ್ತಿದ್ದಾಗಲೇ ಫ್ರಾಂಕೊ ಕೊಲಾಪಿಂಟೊ ಗೋಡೆಗೆ ಗುದ್ದಿದರು. ಕೆಂಪು ಬಾವುಟ ಹಾರಿತು, ರೇಸ್ ನಿಂತಿತು.

ರೇಸ್ ನಿಂತಿರುವಾಗ ಯಾರು ಬೇಕಾದರೂ ಟೈರ್ ಬದಲಿಸಬಹುದು ಎನ್ನುತ್ತದೆ ಫಾರ್ಮುಲಾ 1 ನಿಯಮ. ಒಂದು ಸೆಕೆಂಡೂ ನಷ್ಟವಿಲ್ಲ, ಒಂದು ಸ್ಥಾನವೂ ಹೋಗುವುದಿಲ್ಲ. ರಸೆಲ್ ಮತ್ತು ನಾರಿಸ್ ಸಮಯ ತೆತ್ತು ಪಡೆದದ್ದು ಉಳಿದ ಮೂವರಿಗೆ ಬಿಟ್ಟಿಯಾಗಿ ಸಿಕ್ಕಿತು. ಕೊನೆಗೆ ಗೆದ್ದದ್ದು 17ನೇ ಸ್ಥಾನದಿಂದ ಹೊರಟಿದ್ದ ವರ್ಸ್ಟಾಪೆನ್. ಒಕಾನ್ ಎರಡು, ಗ್ಯಾಸ್ಲಿ ಮೂರು. ಅಂದು ವರ್ಸ್ಟಾಪೆನ್ ಮಳೆಯಲ್ಲಿ ಕಾರು ಓಡಿಸಿದ ರೀತಿ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕೌಶಲದ ಜೊತೆಗೆ ನಿಯಮವೂ ಒಂದು ಉಡುಗೊರೆ ಕೊಟ್ಟಿತ್ತು. ಈ ಉಡುಗೊರೆಯೇ ನನ್ನ ತಕರಾರು.

ಮೋಟಾರ್ ರೇಸಿಂಗ್‌ನಲ್ಲಿ ಸೇಫ್ಟಿ ಕಾರ್ ಬಗ್ಗೆ ಜಗಳ ಎದ್ದಾಗಲೆಲ್ಲ ಒಂದೇ ಮಾತು ಕೇಳುತ್ತೇವೆ. "ಅಷ್ಟು ಹೊತ್ತು ಕಷ್ಟಪಟ್ಟು ಮಾಡಿಕೊಂಡ ಅಂತರ ಒಂದೇ ಕ್ಷಣದಲ್ಲಿ ಹೋಯಿತಲ್ಲ, ಇದ್ಯಾವ ನ್ಯಾಯ?" ನಿಜ, ನೋಡುವವರಿಗೂ ಹೊಟ್ಟೆ ಉರಿಯುತ್ತದೆ. ಆದರೂ ಇಲ್ಲಿರುವ ದೊಡ್ಡ ಅನ್ಯಾಯ ಅದಲ್ಲ ಎಂದೇ ನನಗೆ ಅನಿಸುತ್ತದೆ. ಯಾಕೆ ಅಂದರೆ ಆ ಅಂತರವನ್ನು ಅಳಿಸುವುದಕ್ಕೆ ಒಂದು ಗಟ್ಟಿ ಕಾರಣವಿದೆ.

1977ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಒಂದು ಕಾರು ಕೆಟ್ಟು ನಿಂತಿತು. ಸಣ್ಣಗೆ ಬೆಂಕಿ ಕಾಣಿಸಿತು. ಟ್ರ್ಯಾಕ್ ಬದಿಯಲ್ಲಿ ಸುರಕ್ಷತೆ ನೋಡಿಕೊಳ್ಳುವ 19 ವರ್ಷದ ಒಬ್ಬ ಮಾರ್ಷಲ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದುಕೊಂಡು ಟ್ರ್ಯಾಕ್ ದಾಟಲು ಓಡಿದ. ಪೂರ್ತಿ ವೇಗದಲ್ಲಿ ಬರುತ್ತಿದ್ದ ಟಾಮ್ ಪ್ರೈಸ್ ಅವರ ಕಾರು ಅವನಿಗೆ ಬಡಿಯಿತು. ಸಿಲಿಂಡರ್ ಪ್ರೈಸ್ ಅವರ ತಲೆಗೆ ಅಪ್ಪಳಿಸಿತು. ಇಬ್ಬರೂ ಸ್ಥಳದಲ್ಲೇ ಸತ್ತರು. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಜಾರಿದ ಕಾರೊಂದನ್ನು ಎತ್ತಲು ಟ್ರ್ಯಾಕ್ಟರ್ ಬಂದಿತ್ತು. ಎರಡೆರಡು ಹಳದಿ ಬಾವುಟ ಬೀಸುತ್ತಿದ್ದರೂ ಜೂಲ್ಸ್ ಬಿಯಾಂಕಿ ಅವರ ಕಾರು ಹತೋಟಿ ತಪ್ಪಿ ಆ ಟ್ರ್ಯಾಕ್ಟರಿಗೇ ಗುದ್ದಿತು. ಮರುವರ್ಷ ಜುಲೈನಲ್ಲಿ ಅವರು ತೀರಿಕೊಂಡರು. ಬಾವುಟ ತೋರಿಸಿ "ನಿಧಾನ" ಅಂದರೆ ಸಾಲದು ಎಂದು ಈ ಕ್ರೀಡೆ ಜೀವ ತೆತ್ತು ಕಲಿತಿದೆ.

ಈಗ ಒಂದು ಸಣ್ಣ ಲೆಕ್ಕ. ಒಂದು ಸುತ್ತಿಗೆ 90 ಸೆಕೆಂಡ್ ಹಿಡಿಯುವ ಟ್ರ್ಯಾಕಿನಲ್ಲಿ 20 ಕಾರುಗಳು ಹರಡಿಕೊಂಡು ಓಡುತ್ತಿವೆ ಅಂದುಕೊಳ್ಳಿ. ಸರಾಸರಿ ನಾಲ್ಕೂವರೆ ಸೆಕೆಂಡಿಗೆ ಒಂದು ಕಾರು ಹಾದುಹೋಗುತ್ತದೆ. ಆ ಸಂದಿಯಲ್ಲಿ ಮಾರ್ಷಲ್‌ಗಳು ಟ್ರ್ಯಾಕಿಗಿಳಿದು ಒಡೆದ ಕಾರಿನ ಚೂರು ಹೆಕ್ಕಲು ಆಗುವುದಿಲ್ಲ. ಅದೇ ಎಲ್ಲ ಕಾರುಗಳನ್ನೂ ಒಂದು ಸಾಲಾಗಿ ಸೇಫ್ಟಿ ಕಾರಿನ ಹಿಂದೆ ಸೇರಿಸಿದರೆ, ಸಾಲು ಹಾದುಹೋದ ಮೇಲೆ ಮತ್ತೆ ಬರುವ ತನಕ ಒಂದು ನಿಮಿಷಕ್ಕೂ ಜಾಸ್ತಿ ಖಾಲಿ ಹೊತ್ತು ಸಿಗುತ್ತದೆ. ಮಾರ್ಷಲ್‌ಗಳು ಜೀವಭಯವಿಲ್ಲದೆ ಕೆಲಸ ಮಾಡುವುದು ಆ ಒಂದು ನಿಮಿಷದಲ್ಲಿ. ಮುಂದಿದ್ದವನ ಹತ್ತು ಸೆಕೆಂಡಿನ ಅಂತರ ಅಳಿದುಹೋಗುವುದು ಆ ನಿಮಿಷಕ್ಕೆ ತೆರುವ ಬೆಲೆ. ಈ ಬೆಲೆಯನ್ನು ಯಾವ ಚಾಲಕನೂ ಪ್ರಶ್ನಿಸಬಾರದು, ಅಭಿಮಾನಿಗಳಂತೂ ಪ್ರಶ್ನಿಸಲೇಬಾರದು.

ಬಿಯಾಂಕಿ ಅಪಘಾತದ ನಂತರ, 2015ರಲ್ಲಿ, ವರ್ಚುವಲ್ ಸೇಫ್ಟಿ ಕಾರ್ ಬಂತು. ಇಲ್ಲಿ ನಿಜವಾದ ಕಾರು ಟ್ರ್ಯಾಕಿಗೆ ಬರುವುದಿಲ್ಲ. ಎಲ್ಲರೂ ಒಂದು ನಿಗದಿತ ಸಮಯಕ್ಕಿಂತ ವೇಗವಾಗಿ ಹೋಗುವಂತಿಲ್ಲ, ಅಷ್ಟೇ. ಹೀಗಾಗಿ ಅಂತರಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. "ಹಾಗಾದರೆ ಯಾವಾಗಲೂ ಇದನ್ನೇ ಬಳಸಬಹುದಲ್ವಾ?" ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕಾರುಗಳು ಚದುರಿಕೊಂಡೇ ಇರುವುದರಿಂದ ಮಾರ್ಷಲ್‌ಗಳಿಗೆ ಆ ಖಾಲಿ ನಿಮಿಷ ಸಿಗುವುದೇ ಇಲ್ಲ. ಬದಿಯಲ್ಲಿ ನಿಂತ ಕಾರನ್ನು ತಳ್ಳಲು ಇದು ಸಾಕು, ಟ್ರ್ಯಾಕಿನ ನಡುವೆ ಹರಡಿದ ಚೂರು ಬಳಿಯಲು ಸಾಲದು.

ಇಲ್ಲಿಯವರೆಗೆ ಎಲ್ಲ ಸರಿ. ನ್ಯಾಯದ ಪ್ರಶ್ನೆ ಏಳುವುದು ಇದರ ಬೆನ್ನಿಗೆ ಬರುವ ವಿಷಯಗಳಲ್ಲಿ. ಅದರಲ್ಲಿ ಮೊದಲನೆಯದು ಅಗ್ಗದ ಪಿಟ್ ಸ್ಟಾಪ್.

ಮಾಮೂಲಿ ವೇಗದಲ್ಲಿ ರೇಸ್ ನಡೆಯುವಾಗ ಪಿಟ್‌ಗೆ ಬಂದು ಹೋದರೆ ಸುಮಾರು 20ರಿಂದ 25 ಸೆಕೆಂಡ್ ಕೈಬಿಡುತ್ತದೆ. ಟೈರ್ ಬದಲಿಸಲು ಎರಡು-ಮೂರು ಸೆಕೆಂಡ್ ಸಾಕು. ಉಳಿದದ್ದೆಲ್ಲ ಪಿಟ್ ಲೇನಿನಲ್ಲಿ 80 ಕಿ.ಮೀ. ಮಿತಿಯಲ್ಲಿ ತೆವಳುವಾಗ ಹೋಗುವ ಹೊತ್ತು, ಆಗ ಹೊರಗಿನವರು 300ರಲ್ಲಿ ಹಾರುತ್ತಿರುತ್ತಾರೆ. ಸೇಫ್ಟಿ ಕಾರ್ ಬಂದಾಗ ಹೊರಗಿನವರೂ ನಿಧಾನ. ಪಿಟ್ ಲೇನಿನ ಮಿತಿ ಮಾತ್ರ ಅದೇ. ಹಾಗಾಗಿ ನಷ್ಟ ಅರ್ಧದಷ್ಟಕ್ಕೆ ಇಳಿಯುತ್ತದೆ. ಒಂದು ಸುತ್ತು ಮೊದಲು ಪಿಟ್‌ಗೆ ಹೋದವನು ಪೂರ್ತಿ ಬೆಲೆ ತೆತ್ತಿರುತ್ತಾನೆ, ಒಂದು ಸುತ್ತು ತಡವಾದವನಿಗೆ ಅರ್ಧ ಬೆಲೆ. ಇಬ್ಬರ ಓಟದಲ್ಲೂ ಯಾವ ವ್ಯತ್ಯಾಸವೂ ಇಲ್ಲದಿರಬಹುದು. ಯಾರೋ ಮೂರನೆಯವನು ಗೋಡೆಗೆ ಗುದ್ದಿದ ಗಳಿಗೆ ಇಬ್ಬರ ಹಣೆಬರಹ ಬರೆಯುತ್ತದೆ.

ಇದನ್ನು ಸರಿಪಡಿಸುವ ಪ್ರಯತ್ನ ನಡೆಯದೇ ಇಲ್ಲ. 2007 ಮತ್ತು 2008ರಲ್ಲಿ ಸೇಫ್ಟಿ ಕಾರ್ ಬಂದ ಕೂಡಲೇ ಪಿಟ್ ಲೇನ್ ಮುಚ್ಚುವ ನಿಯಮವಿತ್ತು. ಸಾಲು ಸೇರಿದ ಮೇಲಷ್ಟೇ ತೆರೆಯುತ್ತಿದ್ದರು. ಆದರೆ ಆಗ ರೇಸ್ ನಡುವೆ ಪೆಟ್ರೋಲ್ ತುಂಬಿಸುವ ಪದ್ಧತಿಯೂ ಇತ್ತು. ಪೆಟ್ರೋಲ್ ಮುಗಿಯುತ್ತಾ ಬಂದವರು ಮುಚ್ಚಿದ ಪಿಟ್‌ಗೆ ನುಗ್ಗಿ ಶಿಕ್ಷೆ ಅನುಭವಿಸಬೇಕು, ಇಲ್ಲವಾದರೆ ಟ್ರ್ಯಾಕಿನಲ್ಲೇ ನಿಲ್ಲಬೇಕು. ಪಿಟ್ ಮುಗಿಸಿ ಆಗಿದ್ದವನಿಗಂತೂ ಹಬ್ಬ. ಒಂದು ತಂಡ ಇದನ್ನೇ ಬಂಡವಾಳ ಮಾಡಿಕೊಂಡಿತು.

2008ರ ಸೆಪ್ಟೆಂಬರ್ 28, ಸಿಂಗಪುರ. ರೆನೊ ತಂಡದ ಫರ್ನಾಂಡೊ ಅಲೊನ್ಸೊ 15ನೇ ಸ್ಥಾನದಿಂದ ಹೊರಟವರು, 12ನೇ ಸುತ್ತಿನಲ್ಲೇ ಪಿಟ್ ಮುಗಿಸಿದರು. ಅದಾದ ಸ್ವಲ್ಪ ಹೊತ್ತಿಗೇ ಅವರ ಜೊತೆಗಾರ ನೆಲ್ಸನ್ ಪಿಕೆ ಜೂನಿಯರ್ ಗೋಡೆಗೆ ಗುದ್ದಿದರು. ಸೇಫ್ಟಿ ಕಾರ್ ಬಂತು, ಪಿಟ್ ಮುಚ್ಚಿತು, ಅಲೊನ್ಸೊ ಗೆದ್ದರು. ಮರುವರ್ಷ ಸತ್ಯ ಹೊರಬಿತ್ತು. ಪಿಕೆ ಬೇಕೆಂದೇ ಗುದ್ದಿದ್ದರು, ತಂಡದವರೇ ಗುದ್ದಿಸಿದ್ದರು. ಆ ರೇಸಿನಲ್ಲಿ ಮುಂದಿದ್ದ ಫೆಲಿಪೆ ಮಾಸಾ, ಸೇಫ್ಟಿ ಕಾರ್ ಹೊತ್ತಿನ ಪಿಟ್ ಗಡಿಬಿಡಿಯಲ್ಲಿ ಪೆಟ್ರೋಲ್ ಪೈಪು ಎಳೆದುಕೊಂಡೇ ಹೊರಟು 13ನೆಯವರಾಗಿ ಮುಗಿಸಿದರು. ವರ್ಷದ ಕೊನೆಗೆ ಲೂಯಿಸ್ ಹ್ಯಾಮಿಲ್ಟನ್ 98, ಮಾಸಾ 97. ಒಂದೇ ಅಂಕದಲ್ಲಿ ವಿಶ್ವಚಾಂಪಿಯನ್ ಪಟ್ಟ ಹೋಯಿತು. ಆ ಕುರಿತು ಮಾಸಾ ಲಂಡನ್ನಿನ ಕೋರ್ಟ್ ಮೆಟ್ಟಿಲನ್ನೂ ಹತ್ತಿದ್ದಾರೆ. ಮೋಸ ಮಾಡಿದವರನ್ನು ಬೈಯೋಣ, ಬೈಯಲೇಬೇಕು. ಆದರೆ ಒಂದು ಅಪಘಾತದಿಂದ ಇಷ್ಟು ದೊಡ್ಡ ಲಾಭ ಸಿಗುವಂತೆ ನಿಯಮ ಬರೆದಿದ್ದೇ ಆ ಮೋಸಕ್ಕೆ ದಾರಿ ಮಾಡಿಕೊಟ್ಟಿತು. 2009ರಲ್ಲಿ ಪಿಟ್ ಮುಚ್ಚುವ ನಿಯಮವನ್ನು ಕೈಬಿಟ್ಟರು.

ಅಗ್ಗದ ಪಿಟ್ ಸ್ಟಾಪ್ ಇವತ್ತಿಗೂ ಇದೆ. 2025ರ ನವೆಂಬರ್ 30ರ ಕತಾರ್ ರೇಸ್ ಇದಕ್ಕೆ ಹೊಸ ಉದಾಹರಣೆ. 57 ಸುತ್ತಿನ ರೇಸ್. ಒಂದು ಜೊತೆ ಟೈರಿನಲ್ಲಿ 25 ಸುತ್ತಿಗಿಂತ ಜಾಸ್ತಿ ಓಡುವಂತಿಲ್ಲ ಎಂದು ಆ ರೇಸಿಗಷ್ಟೇ ಮಿತಿ ಹಾಕಿದ್ದರು. 7ನೇ ಸುತ್ತಿನಲ್ಲಿ ಹುಲ್ಕನ್‌ಬರ್ಗ್ ಮತ್ತು ಗ್ಯಾಸ್ಲಿ ಡಿಕ್ಕಿ ಹೊಡೆದುಕೊಂಡು ಸೇಫ್ಟಿ ಕಾರ್ ಬಂತು. ಉಳಿದಿರುವುದು ಸರಿಯಾಗಿ 50 ಸುತ್ತು, ಅಂದರೆ 25ರ ಎರಡು ಪಾಲು. ವರ್ಸ್ಟಾಪೆನ್ ಸೇರಿ ಬಹುತೇಕ ಎಲ್ಲರೂ ಪಿಟ್‌ಗೆ ಹೋದರು. ಮುಂದಿದ್ದ ಆಸ್ಕರ್ ಪಿಯಾಸ್ಟ್ರಿ ಮತ್ತು ನಾರಿಸ್ ಹೋಗಲಿಲ್ಲ. ಮೆಕ್‌ಲಾರೆನ್ ತಂಡದ ಆ ಒಂದು ನಿರ್ಧಾರ ಪಿಯಾಸ್ಟ್ರಿಯ ಗೆಲುವನ್ನು ನುಂಗಿತು. ವರ್ಸ್ಟಾಪೆನ್ ಗೆದ್ದರು. ಮುಂದಿನ ವಾರ ಅಬುಧಾಬಿಯಲ್ಲಿ ನಾರಿಸ್ ಕೇವಲ ಎರಡು ಅಂಕದಿಂದ, 423ಕ್ಕೆ 421, ಚಾಂಪಿಯನ್ ಆದರು.

ಕತಾರ್‌ನಲ್ಲಿ ಅನ್ಯಾಯವಾಯಿತೇ? ನನ್ನ ಪ್ರಕಾರ ಇಲ್ಲ. ಎಲ್ಲರಿಗೂ ಒಂದೇ ಬಾಗಿಲು ತೆರೆದಿತ್ತು, ಎಲ್ಲರಿಗೂ ಲೆಕ್ಕ ಗೊತ್ತಿತ್ತು. ಮೆಕ್‌ಲಾರೆನ್ ತಪ್ಪು ಲೆಕ್ಕ ಹಾಕಿತು, ಅಷ್ಟೇ. ಮಯಾಮಿ 2024ರದ್ದು ಬೇರೆ ರೀತಿ. ವರ್ಸ್ಟಾಪೆನ್ ಮೊದಲೇ ಪಿಟ್ ಮುಗಿಸಿದ್ದರು, ನಾರಿಸ್ ಇನ್ನೂ ಹೋಗಿರಲಿಲ್ಲ. ಸೇಫ್ಟಿ ಕಾರ್ ಬಂದದ್ದರಿಂದ ನಾರಿಸ್‌ಗೆ ಮೊದಲ ಸ್ಥಾನ ಸಿಕ್ಕಿತು, ಅದು ಅದೃಷ್ಟ. ಆದರೆ ಆಮೇಲೆ ಅವರು ಏಳು ಸೆಕೆಂಡಿಗಿಂತ ಹೆಚ್ಚಿನ ಅಂತರದಿಂದ ಗೆದ್ದರು. ಅದು ಅವರ ವೇಗ. ಇಂಥ ಅದೃಷ್ಟವನ್ನು ಕ್ರೀಡೆಯಲ್ಲಿ ಒಪ್ಪಿಕೊಳ್ಳಬಹುದು. ಒಂದು ಋತುವಿನಲ್ಲಿ ಇವತ್ತು ನಿನಗೆ, ನಾಳೆ ನನಗೆ ಎಂದು ಅದು ತಿರುಗುತ್ತಿರುತ್ತದೆ.

ಕೆಂಪು ಬಾವುಟದ ಬಿಟ್ಟಿ ಟೈರ್ ಮಾತ್ರ ಒಪ್ಪಲಾಗದ ಮಾತು. ಸೇಫ್ಟಿ ಕಾರ್ ಅರ್ಧ ರಿಯಾಯಿತಿ ಕೊಟ್ಟರೆ ಕೆಂಪು ಬಾವುಟ ಪೂರ್ತಿ ಮನ್ನಾ ಮಾಡುತ್ತದೆ. 2011ರ ಮೊನಾಕೊ ನೆನಪಿದೆಯೇ? ಸೆಬಾಸ್ಟಿಯನ್ ವೆಟ್ಟಲ್ ತೀರಾ ಸವೆದ ಟೈರಿನಲ್ಲಿ ಮುಂದಿದ್ದರು. ಅಲೊನ್ಸೊ, ಜೆನ್ಸನ್ ಬಟನ್ ಇಬ್ಬರೂ ಬಾಲದಂತೆ ಅಂಟಿಕೊಂಡಿದ್ದರು. ಕೆಲವೇ ಸುತ್ತು ಬಾಕಿ. ವೆಟ್ಟಲ್ ಆ ಟೈರಿನಲ್ಲಿ ಕೊನೆ ಮುಟ್ಟುತ್ತಾರಾ? ಅಷ್ಟರಲ್ಲಿ ಅಪಘಾತ, ಕೆಂಪು ಬಾವುಟ, ಎಲ್ಲರಿಗೂ ಹೊಸ ಟೈರ್. ಆ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ. 2020ರ ಮೊಂಝಾದಲ್ಲಿ ಲ್ಯಾನ್ಸ್ ಸ್ಟ್ರೋಲ್ ಒಂದೂ ಪಿಟ್ ಸ್ಟಾಪ್ ಮಾಡದೆ ಎರಡನೇ ಸ್ಥಾನದಲ್ಲಿ ನಿಂತು, ಕೆಂಪು ಬಾವುಟದ ಹೊತ್ತಿನಲ್ಲಿ ಟೈರ್ ಬದಲಿಸಿಕೊಂಡರು. 2021ರ ಜೆಡ್ಡಾದಲ್ಲಿ ಹ್ಯಾಮಿಲ್ಟನ್ ಸೇಫ್ಟಿ ಕಾರ್ ಹೊತ್ತಿಗೆ ಪಿಟ್‌ಗೆ ಹೋದರು, ವರ್ಸ್ಟಾಪೆನ್ ಹೋಗಲಿಲ್ಲ. ಕೂಡಲೇ ಕೆಂಪು ಬಾವುಟ ಬಂದು ವರ್ಸ್ಟಾಪೆನ್‌ಗೆ ಮೊದಲ ಸ್ಥಾನವೂ ಹೊಸ ಟೈರೂ ಎರಡೂ ದಕ್ಕಿದವು. 2024ರ ಮೊನಾಕೊದಲ್ಲಿ ಮೊದಲ ಸುತ್ತಿನಲ್ಲೇ ರೇಸ್ ನಿಂತು, ಎಲ್ಲರ ಕಡ್ಡಾಯ ಟೈರ್ ಬದಲಾವಣೆಯೂ ಅಲ್ಲೇ ಮುಗಿದು, ಉಳಿದ ರೇಸ್ ಬರೀ ಮೆರವಣಿಗೆಯಾಯಿತು.

ಟ್ರ್ಯಾಕಿನಲ್ಲಿ ಬಿದ್ದ ಚೂರುಗಳಿಂದ ಟೈರ್ ಕೊಯ್ದಿರಬಹುದು, ಮಳೆ ಬಂದಿರಬಹುದು, ಹಾಗಾಗಿ ಸುರಕ್ಷತೆಗೆ ಬದಲಾವಣೆ ಬೇಕು ಎನ್ನುವುದು ಈ ನಿಯಮದ ಪರ ವಾದ. ಒಪ್ಪೋಣ. ಬದಲಿಸಿಕೊಳ್ಳಲಿ, ಆದರೆ ಹವೆ ಬದಲಾಗದಿದ್ದರೆ ಅಷ್ಟೇ ಹಳೆಯದಾದ, ಅದೇ ಬಗೆಯ ಟೈರ್ ಹಾಕಿಕೊಳ್ಳಲಿ. ಅದು ಇಲ್ಲದಿದ್ದರೆ, ಹೊಸ ಟೈರ್ ಹಾಕಿಕೊಂಡವರು ಸಾಲಿನ ಹಿಂದೆ ನಿಲ್ಲಲಿ. ಜೀವಕ್ಕೂ ಅಪಾಯವಿಲ್ಲ, ಪಕ್ಕದವನ ದುಡಿಮೆಗೂ ಕಲ್ಲು ಬೀಳುವುದಿಲ್ಲ.

ಇನ್ನು ರೀಸ್ಟಾರ್ಟ್, ಅಂದರೆ ಸೇಫ್ಟಿ ಕಾರ್ ಹೋಗಿ ಓಟ ಮತ್ತೆ ಶುರುವಾಗುವ ಗಳಿಗೆ. ಸೇಫ್ಟಿ ಕಾರಿನ ದೀಪ ಆರಿದ ಮೇಲೆ ಸಾಲಿನ ವೇಗ ಮೊದಲನೆಯವನ ಕೈಯಲ್ಲಿ. ಅವನು ಯಾವಾಗ ಓಟ ಕೀಳುತ್ತಾನೆ ಎಂದು ಹಿಂದಿನವರು ಊಹಿಸಬೇಕು. ಗೆರೆ ದಾಟುವ ತನಕ ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ. ಮೊದಲನೆಯವನಿಗೆ ಈ ಅಧಿಕಾರ ಸುಮ್ಮನೆ ಕೊಟ್ಟದ್ದಲ್ಲ. ಅವನು ಕಳೆದುಕೊಂಡ ಅಂತರಕ್ಕೆ ಇದು ಚಿಕ್ಕ ಪರಿಹಾರ. ಉದ್ದ ನೇರ ದಾರಿ ಇರುವ ಕಡೆ ಅದೂ ಸಾಲದು. ಹಿಂದಿನವನಿಗೆ ಮುಂದಿನ ಕಾರು ಗಾಳಿ ಸೀಳಿಕೊಡುತ್ತದೆ, ಅವನು ಸಲೀಸಾಗಿ ಮುಂದೆ ಬರುತ್ತಾನೆ.

ಬೆಂಗಳೂರಿನ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ತಂಡವನ್ನು ನಮ್ಮದೇ ಎಂದು ನೋಡುತ್ತಿದ್ದವರಿಗೆ 2009ರ ಬೆಲ್ಜಿಯಂ ರೇಸ್ ಮರೆಯುವಂಥದ್ದಲ್ಲ. ಜಿಯಾಂಕಾರ್ಲೊ ಫಿಸಿಕೆಲ್ಲಾ ಎಲ್ಲರನ್ನೂ ಬೆರಗುಗೊಳಿಸಿ ಮೊದಲ ಸ್ಥಾನದಿಂದ ಹೊರಟರು. ಮೊದಲ ಸುತ್ತಿನ ಡಿಕ್ಕಿಯಿಂದ ಸೇಫ್ಟಿ ಕಾರ್ ಬಂತು. ರೀಸ್ಟಾರ್ಟ್ ಆದ ತಕ್ಷಣ ಕಿಮಿ ರೈಕೊನೆನ್ ತಮ್ಮ ಫೆರಾರಿಯಲ್ಲಿದ್ದ, ಬ್ರೇಕ್ ಹಾಕುವಾಗಿನ ಶಕ್ತಿಯನ್ನು ಕೂಡಿಟ್ಟು ಕೊಡುವ ಕೆರ್ಸ್ ಉಪಕರಣದ ವಿದ್ಯುತ್ ಬಲ ಬಳಸಿ ಕೆಮ್ಮೆಲ್ ನೇರ ದಾರಿಯಲ್ಲಿ ಮುಂದಾದರು. ಫಿಸಿಕೆಲ್ಲಾ ಅವರ ಕಾರಿನಲ್ಲಿ ಆ ಉಪಕರಣವೇ ಇರಲಿಲ್ಲ. ಇಡೀ ರೇಸ್ ಅವರು ರೈಕೊನೆನ್ ಬೆನ್ನು ಬಿಡಲಿಲ್ಲ, ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸೋತರು. ಆ ತಂಡಕ್ಕೆ ಗೆಲುವು ಅಷ್ಟು ಹತ್ತಿರ ಮತ್ತೆಂದೂ ಬರಲಿಲ್ಲ. ಆದರೂ ಅದನ್ನು ಅನ್ಯಾಯ ಎನ್ನಲಾರೆ. ಕೆರ್ಸ್ ಬಳಸುವುದು ನಿಯಮದಲ್ಲಿತ್ತು, ಬಳಸದಿರುವುದು ತಂಡದ ಆಯ್ಕೆ. ಬೇಸರ ಬೇರೆ, ಅನ್ಯಾಯ ಬೇರೆ.

ಮುಂದಿನವನಿಗೆ ಕೊಟ್ಟ ಅಧಿಕಾರಕ್ಕೆ ಮಿತಿ ಎಲ್ಲಿ ಎಂಬುದು ಮತ್ತೊಂದು ಕಗ್ಗಂಟು. 2020ರಲ್ಲಿ ಮುಜೆಲ್ಲೊದಲ್ಲಿ ಸೇಫ್ಟಿ ಕಾರಿನ ದೀಪ ತಡವಾಗಿ ಆರಿತು. ಮುಂದಿದ್ದ ವಾಲ್ಟೆರಿ ಬೊಟಾಸ್ ಗೆರೆಯ ತನಕ ನಿಧಾನವಾಗಿಯೇ ಬಂದರು. ಹಿಂದಿನ ಸಾಲಿನವರು ಓಟ ಶುರುವಾಯಿತು ಎಂದುಕೊಂಡು ವೇಗ ಹೆಚ್ಚಿಸಿ ಒಬ್ಬರ ಮೇಲೊಬ್ಬರು ನುಗ್ಗಿದರು. ನಾಲ್ಕು ಕಾರುಗಳ ಆಟ ಮುಗಿಯಿತು. 2025ರ ಸಿಲ್ವರ್‌ಸ್ಟೋನ್‌ನಲ್ಲಿ ಪಿಯಾಸ್ಟ್ರಿ ರೀಸ್ಟಾರ್ಟ್ ಹೊತ್ತಿಗೆ ಗಂಟೆಗೆ 218 ಕಿ.ಮೀ.ನಿಂದ 52ಕ್ಕೆ ಬ್ರೇಕ್ ಹಾಕಿದರು ಎಂದು ರೇಸಿನ ತೀರ್ಪುಗಾರರಾದ ಸ್ಟ್ಯೂವರ್ಡ್‌ಗಳು 10 ಸೆಕೆಂಡ್ ದಂಡ ಹಾಕಿದರು. ಗೆಲುವು ನಾರಿಸ್‌ಗೆ ಹೋಯಿತು. ಹಿಂದೆ ವರ್ಸ್ಟಾಪೆನ್ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿಯಬೇಕಾಯಿತು, ಹಾಗಾಗಿ ದಂಡ ಹಾಕಿದ್ದು ಸರಿಯೇ. ಆದರೆ "ಏಕಾಏಕಿ ಬ್ರೇಕ್ ಹಾಕಬಾರದು" ಎಂಬ ಮಾತಿನಲ್ಲಿ ಏಕಾಏಕಿ ಅಂದರೆ ಎಷ್ಟು? ಪ್ರತಿ ಕಾರಿನ ಬ್ರೇಕ್ ಒತ್ತಡ ಕಂಪ್ಯೂಟರಿಗೆ ಗೊತ್ತಿರುವ ಕಾಲವಿದು. ಮಿತಿ ಇಷ್ಟೇ ಎಂದು ಅಂಕಿಯಲ್ಲಿ ಬರೆದಿಡಬಹುದು.

ಎಲ್ಲಕ್ಕಿಂತ ದೊಡ್ಡ ಗಾಯ ಅಬುಧಾಬಿ. 2021ರ ಡಿಸೆಂಬರ್ 12. ಹ್ಯಾಮಿಲ್ಟನ್, ವರ್ಸ್ಟಾಪೆನ್ ಇಬ್ಬರೂ 369.5 ಅಂಕ. 58 ಸುತ್ತಿನ ರೇಸಿನಲ್ಲಿ 53ನೇ ಸುತ್ತಿಗೆ ನಿಕೊಲಸ್ ಲತೀಫಿ ಗೋಡೆಗೆ ಗುದ್ದಿದರು. ಹ್ಯಾಮಿಲ್ಟನ್ ಹಳೆ ಗಟ್ಟಿ ಟೈರಿನಲ್ಲೇ ಉಳಿದರು, ವರ್ಸ್ಟಾಪೆನ್ ಹೆಚ್ಚು ಹಿಡಿತದ ಹೊಸ ಮೆತ್ತನೆ ಟೈರ್ ಹಾಕಿಸಿಕೊಂಡರು. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು. ಹಿಂದೆ ಬಿದ್ದ ಕಾರುಗಳು ಮುಂದೆ ಹೋಗುವಂತಿಲ್ಲ ಎಂದು ರೇಸ್ ಡೈರೆಕ್ಟರ್ ಮೈಕಲ್ ಮಾಸಿ ಮೊದಲು ಹೇಳಿದರು. ಸ್ವಲ್ಪ ಹೊತ್ತಿಗೆ ಆ ಐದನ್ನು ಮಾತ್ರ ಮುಂದೆ ಬಿಟ್ಟರು. ಮೂರನೆಯವರಾಗಿದ್ದ ಕಾರ್ಲೋಸ್ ಸೈನ್ಸ್ ಅವರ ಮುಂದಿದ್ದ ಅಂಥದೇ ಕಾರುಗಳನ್ನು ಬಿಡಲಿಲ್ಲ. ನಿಯಮದ ಪ್ರಕಾರ ಇನ್ನೊಂದು ಸುತ್ತು ಕಾಯಬೇಕಿತ್ತು, ಕಾಯಲಿಲ್ಲ. ಒಂದೇ ಸುತ್ತಿನ ರೇಸ್ ನಡೆಸಿದರು. ಐದನೇ ತಿರುವಿನಲ್ಲಿ ವರ್ಸ್ಟಾಪೆನ್ ಮುಂದಾದರು, ವಿಶ್ವಚಾಂಪಿಯನ್ ಪಟ್ಟವೂ ಅವರದಾಯಿತು. ಸೇಫ್ಟಿ ಕಾರ್ ಬಳಕೆಯಲ್ಲಿ ಅಂತಿಮ ಅಧಿಕಾರ ರೇಸ್ ಡೈರೆಕ್ಟರ್‌ದೇ ಎಂದು ಹೇಳಿ ಸ್ಟ್ಯೂವರ್ಡ್‌ಗಳು ಹ್ಯಾಮಿಲ್ಟನ್ ಅವರ ಮರ್ಸಿಡಿಸ್ ತಂಡದ ದೂರನ್ನು ಅಂದೇ ತಳ್ಳಿಹಾಕಿದರು.

ಇಲ್ಲಿ ಸೇಫ್ಟಿ ಕಾರ್ ಬಂದದ್ದು ಅದೃಷ್ಟದ ಆಟ. ಅದನ್ನು ಹ್ಯಾಮಿಲ್ಟನ್ ನುಂಗಿಕೊಳ್ಳಬೇಕಿತ್ತು. ಐದು ಕಾರುಗಳನ್ನಷ್ಟೇ ಬಿಟ್ಟದ್ದು ಅದೃಷ್ಟವಲ್ಲ, ಒಬ್ಬ ಅಧಿಕಾರಿಯ ಇಷ್ಟ. ನನ್ನ ಇಡೀ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕ್ರಿಕೆಟ್‌ನಲ್ಲಿ ಮಳೆ ಬಂದರೆ ಡಕ್‌ವರ್ತ್–ಲೂಯಿಸ್ ಲೆಕ್ಕ ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ಮಳೆ ನಿಂತ ಮೇಲೆ ಅಂಪೈರ್ ಮನಸ್ಸಿಗೆ ಬಂದ ಗುರಿ ಹೇಳುವಂತಿಲ್ಲ. ಸೂತ್ರ ಮೊದಲೇ ಇರುತ್ತದೆ, ಎರಡೂ ತಂಡಗಳ ಕೈಯಲ್ಲಿರುತ್ತದೆ.

2022ರಲ್ಲಿ ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ತನ್ನ ವರದಿಯಲ್ಲಿ ಇದನ್ನು ಮಾನವ ತಪ್ಪು ಎಂದಿತು. ಮಾಸಿ ಸದುದ್ದೇಶದಿಂದಲೇ ನಡೆದುಕೊಂಡರು ಎಂದೂ ಹೇಳಿತು. ಅದನ್ನು ನಾನೂ ನಂಬುತ್ತೇನೆ. ರೇಡಿಯೊದಲ್ಲಿ ಎರಡೂ ತಂಡದ ಮುಖ್ಯಸ್ಥರು ಕಿವಿ ಕೊರೆಯುತ್ತಿದ್ದರೆ, ರೇಸ್ ಓಡುತ್ತಲೇ ಮುಗಿಯಬೇಕೆಂಬ ಆಸೆ ಎಲ್ಲರಲ್ಲೂ ಇದ್ದರೆ, ಒಬ್ಬ ಮನುಷ್ಯ ನಿಮಿಷದಲ್ಲಿ ಏನು ತಾನೆ ಮಾಡಿಯಾನು? ಅದಕ್ಕೇ ಆ ನಿರ್ಧಾರವನ್ನು ಅವನ ಹೆಗಲಿಗೆ ಹೊರಿಸಬಾರದು. ಆಮೇಲೆ ನಿಯಮದಲ್ಲಿ ಹಿಂದೆ ಬಿದ್ದ "ಎಲ್ಲ" ಕಾರುಗಳನ್ನೂ ಬಿಡಬೇಕು ಎಂದು ಸ್ಪಷ್ಟ ಮಾಡಿದರು. ತಂಡದ ಮುಖ್ಯಸ್ಥರು ನೇರ ಮಾತಾಡುವುದಕ್ಕೂ ತಡೆ ಬಿತ್ತು.

ಹೊಸ ನಿಯಮಕ್ಕೆ ಮೊದಲ ಪರೀಕ್ಷೆ ಅದೇ ವರ್ಷ ಮೊಂಝಾದಲ್ಲಿ ಬಂತು. ರಿಕಾರ್ಡೊ ಕಾರು ಕೊನೆಯ ಸುತ್ತುಗಳಲ್ಲಿ ಕೆಟ್ಟು ನಿಂತಿತು. ಸೇಫ್ಟಿ ಕಾರ್ ಮೊದಲ ಸ್ಥಾನದಲ್ಲಿದ್ದ ವರ್ಸ್ಟಾಪೆನ್ ಬದಲು ರಸೆಲ್ ಮುಂದೆ ಬಂದು ನಿಂತಿತು, ಸಾಲು ಸೇರುವುದು ತಡವಾಯಿತು. 1973ರಲ್ಲಿ ಕೆನಡಾದ ಮೊಸ್‌ಪೋರ್ಟ್‌ನಲ್ಲಿ ಮೊದಲ ಸಲ ಸೇಫ್ಟಿ ಕಾರ್ ಬಳಸಿದಾಗಲೂ ಅದು ತಪ್ಪು ಕಾರಿನ ಮುಂದೆ ನಿಂತು, ಗೆದ್ದವರು ಯಾರೆಂದು ತಿಳಿಯಲು ಗಂಟೆಗಟ್ಟಲೆ ಹಿಡಿದಿತ್ತು! ಮೊಂಝಾ ರೇಸ್ ಸೇಫ್ಟಿ ಕಾರಿನ ಹಿಂದೆಯೇ ಮುಗಿಯಿತು. ಫೆರಾರಿ ಅಭಿಮಾನಿಗಳು ಕೂಗಾಡಿದರು. ನೋಡಲು ಸಪ್ಪೆಯಾಗಿದ್ದರೂ ಅಂದು ಯಾರಿಗೂ ಮೋಸವಾಗಲಿಲ್ಲ.

ಸಪ್ಪೆಯಾಗಬಾರದೆಂದು ಹಟ ಹಿಡಿದರೆ ಏನಾಗುತ್ತದೆ ಎಂಬುದು 2023ರ ಮೆಲ್ಬರ್ನ್‌ನಲ್ಲಿ ಗೊತ್ತಾಯಿತು. ಎರಡು ಸುತ್ತು ಬಾಕಿ ಇರುವಾಗ ಕೆಂಪು ಬಾವುಟದ ನಂತರ ನಿಂತ ಜಾಗದಿಂದ ಮತ್ತೆ ಸ್ಟಾರ್ಟ್ ಮಾಡಿಸಿದರು. ಮೊದಲ ತಿರುವಿನಲ್ಲೇ ಕಾರುಗಳು ಒಂದಕ್ಕೊಂದು ಗುದ್ದಿಕೊಂಡವು. ಆಲ್ಪೀನ್ ತಂಡದ ಎರಡೂ ಕಾರು ಹೋದವು. ಮತ್ತೆ ಕೆಂಪು ಬಾವುಟ. ಕೊನೆಗೆ ಆ ಸ್ಟಾರ್ಟಿಗೆ ಮೊದಲಿದ್ದ ಸ್ಥಾನಗಳ ಕ್ರಮಕ್ಕೇ ಮರಳಿ ಸೇಫ್ಟಿ ಕಾರ್ ಹಿಂದೆ ಮುಗಿಸಿದರು. ಸೈನ್ಸ್ ಅವರಿಗೆ 5 ಸೆಕೆಂಡ್ ದಂಡ ಬಿದ್ದಿತ್ತು. ಸಾಮಾನ್ಯ ರೇಸಿನಲ್ಲಿ ಅದರಿಂದ ಒಂದೆರಡು ಸ್ಥಾನ ಹೋಗಬಹುದು. ಎಲ್ಲರೂ ಅಂಟಿಕೊಂಡು ಸಾಗುವಾಗ ಅದು ನಾಲ್ಕನೇ ಸ್ಥಾನದವರನ್ನು 12ಕ್ಕೆ ಎಸೆಯಿತು.

ಅಮೆರಿಕದ ನ್ಯಾಸ್ಕಾರ್ ರೇಸ್ ಸರಣಿ ಇದಕ್ಕೆ ತನ್ನದೇ ದಾರಿ ಹುಡುಕಿಕೊಂಡಿದೆ. ಕೊನೆಯಲ್ಲಿ ಹಳದಿ ಬಾವುಟ ಬಂದರೆ ನಿಗದಿತ ಸುತ್ತು ಮುಗಿದ ಮೇಲೂ ಹೆಚ್ಚುವರಿ ಸುತ್ತು ಓಡಿಸುತ್ತಾರೆ. ನನಗೆ ಆ ಪದ್ಧತಿ ಇಷ್ಟವಿಲ್ಲ. ಓಟದ ಉದ್ದವನ್ನೇ ಬದಲಿಸುವುದು ಟೈರ್, ಇಂಧನ ಲೆಕ್ಕ ಹಾಕಿ ಓಡಿದವನಿಗೆ ಹೊಡೆತ. ಆದರೆ ಆ ನಿಯಮ ಎಲ್ಲರಿಗೂ ಮೊದಲೇ ಗೊತ್ತು, ಪ್ರತಿ ಸಲವೂ ಜಾರಿಯಾಗುತ್ತದೆ. ಅಮೆರಿಕದ್ದೇ ಇನ್ನೊಂದು ಸರಣಿ ಇಂಡಿಕಾರ್‌ನಲ್ಲಿ ಅಷ್ಟು ಖಚಿತವಿಲ್ಲ. 2023ರ ಇಂಡಿ 500ರಲ್ಲಿ ಕೊನೆಗೆ ಕೆಂಪು ಬಾವುಟ ಹಾಕಿ ಒಂದೇ ಸುತ್ತಿನ ರೇಸ್ ನಡೆಸಿದರು. ಮುಂದಿದ್ದ ಮಾರ್ಕಸ್ ಎರಿಕ್ಸನ್ ಅವರನ್ನು ಜೋಸೆಫ್ ನ್ಯೂಗಾರ್ಡನ್ ಹಿಂದಿಕ್ಕಿ ಗೆದ್ದರು. ಹಾಗೆ ರೇಸ್ ಮುಗಿಸಿದ್ದು ನ್ಯಾಯವಲ್ಲ, ಅಪಾಯವೂ ಹೌದು ಎಂದು ಎರಿಕ್ಸನ್ ನೊಂದುಕೊಂಡರು. ಅವರ ಮಾತಿನಲ್ಲಿ ಹುರುಳಿತ್ತು.

2026ರಿಂದ ಫಾರ್ಮುಲಾ 1ರಲ್ಲಿ 11 ತಂಡ, 22 ಕಾರುಗಳು. ಸೇಫ್ಟಿ ಕಾರಿನ ಹಿಂದಿನ ಸಾಲು ಇನ್ನಷ್ಟು ಉದ್ದ. ಕೊನೆಯ ಸುತ್ತುಗಳಲ್ಲಿ ಏನು ಮಾಡಬೇಕೆಂಬುದನ್ನು ಬಾಕಿ ಇರುವ ಸುತ್ತಿನ ಲೆಕ್ಕದಲ್ಲಿ ಮೊದಲೇ ಬರೆದಿಡಬೇಕು. ಉದಾಹರಣೆಗೆ, ಐದು ಸುತ್ತಿಗಿಂತ ಕಡಿಮೆ ಇರುವಾಗ ಸೇಫ್ಟಿ ಕಾರ್ ಬಂದರೆ ಅದರ ಹಿಂದೆಯೇ ರೇಸ್ ಮುಗಿಯಲಿ, ಅಥವಾ ಪ್ರತಿ ಸಲವೂ ಕೆಂಪು ಬಾವುಟ ಹಾಕಿ ಟೈರ್ ಮುಟ್ಟದೆ ಮತ್ತೆ ಓಡಿಸಲಿ. ಎರಡರಲ್ಲಿ ಯಾವುದಾದರೂ ಸರಿ. ನನ್ನ ಒಲವು ಮೊದಲನೆಯದಕ್ಕೆ, ಯಾಕೆ ಅಂದರೆ ಅದರಲ್ಲಿ ಮಾರ್ಷಲ್‌ಗಳಿಗೆ ಅವಸರವಿರುವುದಿಲ್ಲ. ಯಾವುದನ್ನು ಆರಿಸಿದರೂ ಋತುವಿನ ಮೊದಲ ರೇಸಿನಿಂದ ಕೊನೆಯ ರೇಸಿನ ತನಕ ಅದೊಂದೇ ಇರಬೇಕು, ಪಟ್ಟ ನಿರ್ಧಾರವಾಗುವ ರಾತ್ರಿಯೂ ಸೇರಿ.